ಸೋತವನ ಕೈಗೂ ಮೈಕ್ ಕೊಡುತ್ತಿದ್ದರು

ನಮ್ಮ ಕಡೆಯ ಜಾತ್ರೆಗಳಲ್ಲಿ ಕುಸ್ತಿ ಇನ್ನೂ ನಡೆಯುತ್ತದೆ. ರೋಣ, ನರಗುಂದ, ಗಜೇಂದ್ರಗಡದ ಗೋಡೆಗಳ ಮೇಲೆ ‘ಜಂಗಿ ನಿಕಾಲಿ ಕುಸ್ತಿಗಳು’ ಎಂದು ದಪ್ಪ ಅಕ್ಷರದಲ್ಲಿ ಬರೆದ ಭಿತ್ತಿಪತ್ರಗಳು ಈಗಲೂ ಕಾಣುತ್ತವೆ. ಕೆಂಪು ಮಣ್ಣು ಹದ ಮಾಡುತ್ತಾರೆ, ಹಲಗಿ ಬಾರಿಸುತ್ತಾರೆ, ಗೆದ್ದವನಿಗೆ ಬೆಳ್ಳಿ ಕಡಗ ಹಾಕುತ್ತಾರೆ. ಇದನ್ನೆಲ್ಲ ನೋಡಿದಾಗ ಏನೂ ಹೋಗಿಲ್ಲ ಅನಿಸಬಹುದು. ಹೋಗಿರುವುದು ಕುಸ್ತಿ ಹೇಳುವವರು. ಕಣದ ಪಕ್ಕ ಮೈಕ್ ಹಿಡಿದು ಕೂತು, ಪಟ್ಟು ಪಟ್ಟನ್ನೂ ಬಿಡಿಸಿ ಹೇಳಿ, ಕುಸ್ತಿ ಮುಗಿದ ಮೇಲೆ ಇಬ್ಬರೂ ಪೈಲ್ವಾನರನ್ನು ಹತ್ತಿರ ಕರೆದು ನಾಲ್ಕು ಮಾತು ಆಡಿಸುತ್ತಿದ್ದ ಆ ಮಂದಿ ಒಬ್ಬೊಬ್ಬರಾಗಿ ಹೋದರು. ಅವರ ಜಾಗಕ್ಕೆ ಬಂದವರು ಕೂಗುತ್ತಾರೆ. ಕೂಗುವುದಕ್ಕೂ ಹೇಳುವುದಕ್ಕೂ ಎಷ್ಟು ಅಂತರವಿದೆ ಎಂಬುದು ಹಳಬರ ಮಾತು ಕೇಳಿ ಬೆಳೆದವರಿಗೆ ಚೆನ್ನಾಗಿ ಗೊತ್ತು.

ನಾನು ರಾಜೂರಿನವನು. ನನ್ನ ಬಾಲ್ಯದಲ್ಲಿ ನಾವಿನ್ನೂ ಧಾರವಾಡ ಜಿಲ್ಲೆಯ ರೋಣ ತಾಲ್ಲೂಕಿನವರು. ಗದಗ ಜಿಲ್ಲೆ ಆದದ್ದು 1997ರಲ್ಲಿ, ಗಜೇಂದ್ರಗಡ ತಾಲ್ಲೂಕು ಆದದ್ದು ಅದಕ್ಕಿಂತ ಎಷ್ಟೋ ವರ್ಷಗಳ ಮೇಲೆ. ಸುತ್ತಲ ಊರುಗಳ ಜಾತ್ರೆ ಬಂತೆಂದರೆ ತೇರು ಎಳೆದ ಮರುದಿನ ಕುಸ್ತಿ. ಹೊತ್ತು ಇಳಿಯುವ ಮೊದಲೇ ಜನ ಗುಂಡಗೆ ಕೂತಿರುತ್ತಿದ್ದರು. ಮುಂದಿನ ಸಾಲಿನಲ್ಲಿ ರುಮಾಲಿನ ಹಿರಿಯರು, ಅವರ ಹಿಂದೆ ನಮ್ಮಂಥ ಹುಡುಗರು, ಗಿಡದ ಟೊಂಗೆಗಳ ಮೇಲೆ ಜಾಗ ಸಿಗದವರು. ಮೈಕ್ ಇರುತ್ತಿದ್ದುದು ಕಣದ ಮೂಲೆಯಲ್ಲಿ ಒಂದು ಕಟ್ಟಿಗೆಯ ಮೇಜಿನ ಮೇಲೆ. ನಾನು ಕೇಳಿ ಬೆಳೆದ ದನಿ ಪಕ್ಕದ ಊರಿನ ಪ್ರಾಥಮಿಕ ಶಾಲೆಯ ಮಾಸ್ತರೊಬ್ಬರದು. ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು, ಭುಜ ಉಳುಕಿ ಕುಸ್ತಿ ಬಿಟ್ಟವರು. ಎಲ್ಲರೂ ಅವರನ್ನು ‘ಮಾಸ್ತರ’ ಎಂದೇ ಕರೆಯುತ್ತಿದ್ದರು. ಕುಸ್ತಿ ಹೇಳುವುದಕ್ಕೆ ಅವರಿಗೆ ಕೊಡುತ್ತಿದ್ದುದು ಒಂದು ತೆಂಗಿನಕಾಯಿ, ಒಂದು ಟಾವೆಲ್ಲು, ಮತ್ತೆ ಊಟ.

ಜೋಡಿ ಕಣಕ್ಕೆ ಇಳಿದ ಕೂಡಲೆ ಮಾಸ್ತರು ಮೊದಲು ಮಾಡುತ್ತಿದ್ದ ಕೆಲಸ ಪರಿಚಯ. ನಮ್ಮ ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದಾಗ ಸಾರಥಿ ಎದುರು ನಿಂತು ನೀನು ಯಾರು, ಯಾವ ದೇಶದವನು, ಬಂದ ಕಾರಣವೇನು ಎಂದು ಕೇಳುತ್ತಾನಲ್ಲ, ಅದೇ ಕ್ರಮ. ಪೈಲ್ವಾನನ ಹೆಸರು, ಊರು, ಯಾವ ಗರಡಿ, ವಸ್ತಾದ ಯಾರು, ಹಿಂದಿನ ಜಾತ್ರೆಯಲ್ಲಿ ಯಾರ ಕೂಡ ಹಿಡಿದಿದ್ದ, ಏನಾಯಿತು. ಇಷ್ಟು ಹೇಳುವ ಹೊತ್ತಿಗೆ ಕಣದ ಎರಡು ಮೈಗಳು ಎರಡು ಮನೆತನಗಳಾಗಿ, ಎರಡು ಊರುಗಳಾಗಿ ನಮ್ಮ ಕಣ್ಣಿಗೆ ಬರುತ್ತಿದ್ದವು. ಸೂಡಿಯ ಹುಡುಗನಿಗೂ ನರೇಗಲ್ಲಿನ ಹುಡುಗನಿಗೂ ಹಿಂದಿನ ವರ್ಷದ ಸಮದ ಕುಸ್ತಿಯೊಂದು ಬಾಕಿ ಇದೆ ಎಂದು ಗೊತ್ತಾದ ಮೇಲೆ ಸಲಾಮಿಯ ಕೈ ಮುಟ್ಟುವುದನ್ನೂ ಜನ ಉಸಿರು ಹಿಡಿದು ನೋಡುತ್ತಿದ್ದರು.

ಆಮೇಲೆ ಅವರ ಮಾತು ಕಡಿಮೆಯಾಗುತ್ತಿತ್ತು. ಇದು ಈಗಿನವರಿಗೆ ನಂಬಲು ಕಷ್ಟ. ಪೈಲ್ವಾನರು ಕತ್ತಿಗೆ ಕೈ ಹಾಕಿ ಸುತ್ತು ಬರುತ್ತಿರುವಾಗ ಮಾಸ್ತರು ಸುಮ್ಮನೆ ಇರುತ್ತಿದ್ದರು. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನಿಸುವ ಹೊತ್ತಿಗೆ ಸರಿಯಾಗಿ, ಪಕ್ಕದಲ್ಲಿ ಕೂತವನಿಗೆ ಹೇಳಿದ ಹಾಗೆ, ಮೆಲ್ಲಗೆ ಬಾಯಿ ಬಿಡುತ್ತಿದ್ದರು.

“ಕೈ ನೋಡಬ್ಯಾಡ್ರಿ, ಕಾಲ ನೋಡ್ರಿ. ಎಡಗಾಲು ಒಂದು ಗೇಣು ಹಿಂದ ಸರದೈತಿ. ಇವಾ ಈಗ ಕೆಳಗ ಹೊಗತಾನ.”

ಮಾತು ಮುಗಿಯುವಷ್ಟರಲ್ಲಿ ಆ ಹುಡುಗ ಎದುರಾಳಿಯ ಕಂಕುಳ ಕೆಳಗೆ ತಲೆ ತೂರಿಸಿ, ಒಂದು ಕೈ ಅವನ ತೊಡೆಸಂದಿಗೆ ಹಾಕಿ, ಇಡೀ ಮೈಯನ್ನು ಹೆಗಲ ಮೇಲೆ ಅಡ್ಡ ಹೊತ್ತಿರುತ್ತಿದ್ದ. ಕಲಾಜಂಗ. ಎರಡೂ ಭುಜ ಮಣ್ಣಿಗೆ ಹತ್ತಿದವು, ಚಿತ್. ಜನ ಎದ್ದು ನಿಲ್ಲುತ್ತಿದ್ದರು, ಹಲಗಿಯ ಏಟು ಬಿರುಸಾಗುತ್ತಿತ್ತು. ಮಾಸ್ತರು ಮಾತ್ರ ಮೈಕನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತುಬಿಡುತ್ತಿದ್ದರು. ಅಬ್ಬರಕ್ಕೆ ಹಲಗಿ ಇದೆ, ಶಿಳ್ಳೆ ಹೊಡೆಯುವ ಜನ ಇದ್ದಾರೆ, ಅದಕ್ಕೆ ತಮ್ಮ ದನಿ ಬೇಕಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಗದ್ದಲ ಇಳಿದ ಮೇಲೆ ಒಂದೇ ಮಾತು: “ನಾಕು ಸಲ ಕೈ ತೋರಿಸಿ ಐದನೇದಕ್ಕ ಕಾಲು ಹಿಡದಾ. ಆ ನಾಕೂ ಸುಳ್ಳು ಇದ್ದೂ, ನೀವು ಖರೆ ಅಂದ್ಕೊಂಡ್ರಿ. ಅವನೂ ಖರೆ ಅಂದ್ಕೊಂಡಾ.”

ಹೀಗೆ ಕೇಳುತ್ತ ಕೇಳುತ್ತ ನಮಗೆ ಕುಸ್ತಿ ನೋಡಲು ಬಂತು. ಧೋಬಿ ಪಛಾಡ ಹಾಕುವವನು ಬೆನ್ನು ತಿರುಗಿಸುವ ಮುಂಚೆ ಎದುರಿನವನ ತೋಳನ್ನು ಹೇಗೆ ಎಳೆದಿಡುತ್ತಾನೆ, ಕೆಳಗೆ ಬೋರಲು ಬಿದ್ದವನು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುವುದು ಯಾಕೆ, ಘಿಸ್ಸಾ, ಢಾಕ, ಏಕಲಂಗಿ ಎಂದರೆ ಯಾವ ಯಾವುದು ಎಂಬುದನ್ನೆಲ್ಲ ಕಣಕ್ಕೆ ಕಾಲಿಡದ ನನ್ನಂಥವನೂ ಕಲಿತದ್ದು ಆ ದನಿಯಿಂದ. ಹೆಣ್ಣುಮಕ್ಕಳು ಆಗ ಕುಸ್ತಿ ನೋಡಲು ಬರುತ್ತಿರಲಿಲ್ಲ. ಆದರೆ ಗಿಡಕ್ಕೆ ಕಟ್ಟಿದ ಹಾರ್ನಿನಿಂದ ಬರುತ್ತಿದ್ದ ಮಾತು ಕೇಳಿಸಿಕೊಂಡು, ಮನೆಯ ಕಟ್ಟೆಯ ಮೇಲೆ ಕೂತೇ ಯಾರು ಹೇಗೆ ಬಿದ್ದ ಎಂದು ನಮ್ಮವ್ವ ನನಗೆ ತಿರುಗಿ ಹೇಳುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಕುಸ್ತಿ ಮುಗಿದ ಮೇಲಿನ ಮಾತುಕತೆ. ಗೆದ್ದವನು ಜನರ ನಡುವೆ ಒಂದು ಸುತ್ತು ಬಂದು, ಖುಷಿಯಿಂದ ಕೊಟ್ಟವರ ನೋಟುಗಳನ್ನು ಇಸಿದುಕೊಂಡು ಮೇಜಿನ ಹತ್ತಿರ ಬರುತ್ತಿದ್ದ. ಮಾಸ್ತರು ಅವನಿಗೆ ಹೆಚ್ಚು ಕೇಳುತ್ತಿರಲಿಲ್ಲ. ಈ ಪಟ್ಟು ಯಾರು ಕಲಿಸಿದರು, ಎಷ್ಟು ದಿನದ ತಾಲೀಮು, ಮುಂದೆ ಯಾರ ಕೂಡ ಹಿಡಿಯಬೇಕೆಂದಿದ್ದಿ, ಇಷ್ಟೇ. ಆಮೇಲೆ ಕಣದ ಅಂಚಿನಲ್ಲಿ ಅಂಗಿ ಹಾಕಿಕೊಳ್ಳುತ್ತಿದ್ದ ಸೋತವನನ್ನು ಕರೆಯುತ್ತಿದ್ದರು. “ಬಾರಪಾ ತಮ್ಮಾ, ನೀನೂ ಬಾ.” ಅವನು ತಲೆ ತಗ್ಗಿಸಿ ಬರುತ್ತಿದ್ದ. ಅವನ ಬೆನ್ನ ಮೇಲಿನ ಮಣ್ಣನ್ನು ಮಾಸ್ತರು ತಮ್ಮ ಟಾವೆಲ್ಲಿನಿಂದ ಒರೆಸಿ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು.

ಅಂಥ ಒಬ್ಬ ಹುಡುಗನಿಗೆ ಅವರು ಕೇಳಿದ್ದು ನನಗೆ ಈಗಲೂ ಅಕ್ಷರ ಬಿಡದೆ ನೆನಪಿದೆ.

“ನಾ ಬೀಳತೇನಿ ಅಂತ ನಿನಗ ಯಾವಾಗ ಗೊತ್ತಾತು?”

“ಅವಾ ಹಿಡದಾಗ ಅಲ್ರಿ ಮಾಸ್ತರ. ಅದಕ್ಕೂ ಮೊದಲs. ನಾ ಒಮ್ಮೆ ಜೋರಾಗಿ ಉಸರು ಬಿಟ್ಟೆನ್ರಿ. ಅದು ಅವಗ ಕೇಳಿಸ್ತು. ಕೇಳಿಸ್ತು ಅಂತ ನನಗ ಗೊತ್ತಾತು.”

ಮೈದಾನದಲ್ಲಿ ಯಾರೂ ಮಾತಾಡಲಿಲ್ಲ. ಆ ಹುಡುಗನಿಗೆ ಹದಿನೇಳೋ ಹದಿನೆಂಟೋ ಇರಬೇಕು. ದಣಿದದ್ದನ್ನು ಎದುರಾಳಿಗೆ ತೋರಿಸಿದ ಗಳಿಗೆಯಲ್ಲೇ ಕುಸ್ತಿ ಮುಗಿಯಿತು ಎಂಬುದನ್ನು ಎಷ್ಟು ಓದಿದ್ದರೂ ಹಾಗೆ ಹೇಳಲು ನನಗೆ ಬರುತ್ತಿರಲಿಲ್ಲ. ಆ ಉತ್ತರ ಅವನ ಹೊಟ್ಟೆಯಲ್ಲಿ ಇತ್ತು. ಅದನ್ನು ಹೊರಗೆ ತೆಗೆಯುವ ಪ್ರಶ್ನೆ ಮಾಸ್ತರರಲ್ಲಿ ಇತ್ತು. ಸರಿಯಾದ ಪ್ರಶ್ನೆ ಕೇಳಿದರೆ ಪೈಲ್ವಾನ ಮಾತಾಡುತ್ತಾನೆ. ಪೈಲ್ವಾನರಿಗೆ ಮಾತು ಬರುವುದಿಲ್ಲ ಎನ್ನುವುದು ಕೇಳಲು ಬಾರದವರು ಹುಟ್ಟಿಸಿದ ಮಾತು.

ಕಿವಿಯಿಂದ ಆಟ ನೋಡುವುದು ಆ ಕಾಲದವರಿಗೆ ರೂಢಿಯಾಗಿತ್ತು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ನಮ್ಮ ಹಿರಿಯರು ಹೊಲದ ಬದುವಿನ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಹಾಕಿ, ಕ್ರಿಕೆಟ್ ಕೇಳಿದವರು. ಹಿಂದಿ ಪೂರ್ತಿ ತಿಳಿಯದಿದ್ದರೂ ಜಸದೇವ ಸಿಂಗರ ದನಿ ಏರುವುದರಲ್ಲಿಯೇ ಚೆಂಡು ಎಲ್ಲಿದೆ ಎಂದು ಹಿಡಿದುಬಿಡುತ್ತಿದ್ದರು. ಚಿಕ್ಕೋಡಿ ಸೀಮೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗರನ್ನು ಕೆಡವಿ ಮೊದಲ ಹಿಂದ್ ಕೇಸರಿಯಾದ ಕತೆಯನ್ನು ನಮ್ಮಪ್ಪ ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ಅವರು ದಿಲ್ಲಿ ನೋಡಿದವರಲ್ಲ. ಯಾರೋ ಹೇಳಿದ್ದನ್ನು ಕೇಳಿದ್ದರು, ಹೇಳಿದವರು ಚೆನ್ನಾಗಿ ಹೇಳಿದ್ದರು. ಖಂಚನಾಳೆಯವರು 2020ರ ಡಿಸೆಂಬರಿನಲ್ಲಿ ತೀರಿಕೊಂಡಾಗ ನಾನು ಹುಡುಕಿದ್ದು ಅವರ ಬಾಯಿಂದಲೇ ಆ ಕುಸ್ತಿಯ ವಿವರ ಕನ್ನಡದಲ್ಲಿ ಎಲ್ಲಾದರೂ ಕೇಳಸಿಗುವುದೇ ಎಂದು. ನನಗೆ ಸಿಗಲಿಲ್ಲ.

ಈ ನಷ್ಟ ನಮ್ಮದೊಂದೇ ಅಲ್ಲ. ಮುಷ್ಟಿಕಾಳಗದ ಜಗತ್ತಿನಲ್ಲೂ ಇದೇ ದುಃಖ ಇದೆ. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಎಂಟನೆಯ ಸುತ್ತಿನಲ್ಲಿ ಜಾರ್ಜ್ ಫೋರ್ಮನ್‌ನನ್ನು ಕೆಡವಿದಾಗ ಬಿಬಿಸಿಯ ಹ್ಯಾರಿ ಕಾರ್ಪೆಂಟರ್ ಅಯ್ಯೋ ದೇವರೇ ಎಂದು ಉದ್ಗರಿಸಿದ್ದು, ಆ ಗಳಿಗೆಯಲ್ಲಿ ಅವರಿಗೆ ನಿಜವಾಗಿ ಆದ ಬೆರಗು. ಹಿಂದಿನ ಸುತ್ತುಗಳುದ್ದಕ್ಕೂ ಹದ್ದುಬಸ್ತಿನಲ್ಲಿ ಮಾತಾಡಿದ್ದರಿಂದಲೇ ಆ ಒಂದು ಉದ್ಗಾರಕ್ಕೆ ಬೆಲೆ ಬಂತು. ಮೊದಲ ಸುತ್ತಿನಿಂದಲೇ ದೇವರನ್ನು ಕರೆಯುತ್ತ ಕೂತಿದ್ದರೆ ಎಂಟನೆಯದಕ್ಕೆ ಕರೆಯಲು ಯಾರು ಉಳಿಯುತ್ತಿದ್ದರು? ಇನ್ನೊಬ್ಬರು ಅಮೆರಿಕದ ಎಚ್‌ಬಿಓ ವಾಹಿನಿಯ ಲ್ಯಾರಿ ಮರ್ಚೆಂಟ್. ಪಂದ್ಯ ಮುಗಿದು ಬೆವರು ಆರುವ ಮೊದಲೇ ರಿಂಗಿನೊಳಗೆ ಹೋಗಿ, ಗೆದ್ದವನಿಗೆ ಬೇಡವಾದ ಪ್ರಶ್ನೆಯನ್ನೇ ಕೇಳುವ ಮನುಷ್ಯ. 2011ರ ಸೆಪ್ಟೆಂಬರಿನಲ್ಲಿ ಫ್ಲಾಯ್ಡ್ ಮೇವೆದರ್ ಎದುರಾಳಿ ವಿಕ್ಟರ್ ಓರ್ಟಿಜ್ ಕೈ ಇಳಿಸಿ ನಿಂತಿದ್ದಾಗ ಹೊಡೆದು ಕೆಡವಿದ. ಅದರ ಬಗ್ಗೆ ಮರ್ಚೆಂಟ್ ಪಟ್ಟು ಬಿಡದೆ ಕೇಳಿದರು. ಮೇವೆದರ್ ಬೈದ. ನಾನು ಐವತ್ತು ವರ್ಷ ಚಿಕ್ಕವನಾಗಿದ್ದರೆ ನಿನ್ನನ್ನು ವಿಚಾರಿಸಿಕೊಳ್ಳುತ್ತಿದ್ದೆ ಎಂದು ಎಂಬತ್ತರ ಆ ಮುದುಕರು ಎದುರುತ್ತರ ಕೊಟ್ಟರು. ಒರಟು ಮಾತೇ ಹೌದು. ಆದರೆ ಆ ವಯಸ್ಸಿನಲ್ಲೂ ಪ್ರಶ್ನೆಯನ್ನು ಕೈಬಿಡದ ಆ ಹಟವನ್ನು ನಾನು ಗೌರವಿಸುತ್ತೇನೆ. 1973ರಲ್ಲಿ ಶುರು ಮಾಡಿದ್ದ ಬಾಕ್ಸಿಂಗ್ ಪ್ರಸಾರವನ್ನು ಎಚ್‌ಬಿಓ 2018ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಈಗ ಪಂದ್ಯಗಳೇನೋ ಹೆಚ್ಚಾಗಿವೆ, ಮೊಬೈಲಿಗೇ ಬರುತ್ತವೆ. ಆದರೆ ಪಂದ್ಯ ಏರ್ಪಡಿಸಿದವರ ಸಂಬಳದಲ್ಲಿ ಇರುವವನು ಮೈಕ್ ಹಿಡಿದಾಗ ಅಂಥ ಪ್ರಶ್ನೆ ಹುಟ್ಟುವುದು ಕಷ್ಟ. ಆ ದೂರದ ರಿಂಗಿನ ವಿಡಿಯೊಗಳನ್ನು ನೋಡುವಾಗೆಲ್ಲ ನನಗೆ ನಮ್ಮ ಕಟ್ಟಿಗೆಯ ಮೇಜು ಕಣ್ಣಮುಂದೆ ಬರುತ್ತದೆ.

ಈಗಿನ ನಮ್ಮ ಮೈದಾನಕ್ಕೆ ಬರುತ್ತೇನೆ. ಮೈಕ್ ಈಗ ವೇದಿಕೆಯ ಮೇಲಿದೆ, ಕಣದಿಂದ ದೂರ. ವೇದಿಕೆಯಲ್ಲಿ ಕೂತವರ ಹೆಸರು ಓದುವುದೇ ನಿರೂಪಕನ ಮೊದಲ ಕೆಲಸ. ಆಮೇಲೆ ಚೀಟಿಗಳು ಬರತೊಡಗುತ್ತವೆ. ಈ ಜೋಡಿಗೆ ಇಂಥವರಿಂದ ಇಷ್ಟು ರೂಪಾಯಿ, ಆ ಕಡಗ ಇಂಥ ಅಂಗಡಿಯವರದು, ಮುಖಂಡರು ಈಗ ಆಗಮಿಸಿದ್ದಾರೆ, ಎಲ್ಲರೂ ಚಪ್ಪಾಳೆ ತಟ್ಟಿ. ಕೊಡುವವರ ಹೆಸರು ಹೇಳಬಾರದು ಎಂದು ನಾನು ಅನ್ನುವುದಿಲ್ಲ. ಅವರು ಕೊಡದಿದ್ದರೆ ಕುಸ್ತಿಯೇ ಇಲ್ಲ. ಆದರೆ ಕಣದಲ್ಲಿ ಇಬ್ಬರು ಹುಡುಗರು ಜೀವ ಹಿಡಿದು ಒಬ್ಬರಿಗೊಬ್ಬರು ಜೋತುಬಿದ್ದಿರುವಾಗ, ಯಾರದೋ ಹುಟ್ಟುಹಬ್ಬದ ಶುಭಾಶಯ ಓದುತ್ತಾರೆ. ಹೋದ ವರ್ಷಗಳಲ್ಲಿ ನಾನು ಕಂಡ ಅತಿ ಚೆಂದದ ಧೋಬಿ ಪಛಾಡ ಇಂಥದೊಂದು ಚೀಟಿಯ ನಡುವೆ ಆಗಿಹೋಯಿತು. ನಿರೂಪಕ ತಲೆ ಎತ್ತುವ ಹೊತ್ತಿಗೆ ಹುಡುಗ ಎದ್ದು ಮೈ ಕೊಡವಿಕೊಳ್ಳುತ್ತಿದ್ದ. ‘ಭರ್ಜರಿ! ಭಯಂಕರ!’ ಎಂದು ಕೂಗಿದ್ದೇ ಬಂತು, ಹಿಂದೆಯೇ ಡಿಜೆಯ ಏಟು. ಯಾವ ಪಟ್ಟು, ಯಾವ ಊರಿನ ಹುಡುಗ, ಯಾರ ಶಿಷ್ಯ, ಒಂದೂ ಕಿವಿಗೆ ಬೀಳಲಿಲ್ಲ.

ಟಿವಿಯ ಕಡೆ ನೋಡಿದರೂ ಅಷ್ಟೇ. 2018ರ ಕೊನೆಗೆ ಸ್ಟಾರ್ ಸ್ಪೋರ್ಟ್ಸ್ ಕನ್ನಡ ವಾಹಿನಿ ಬಂದಾಗ ನನ್ನಂಥವರಿಗೆ ಹಿಗ್ಗಾಯಿತು. ಕ್ರಿಕೆಟ್ಟಿನಲ್ಲಿ ವಿಜಯ್ ಭಾರದ್ವಾಜರಂಥ ಆಡಿ ಬಲ್ಲವರು ಕನ್ನಡದಲ್ಲಿ ಆಟ ಬಿಡಿಸಿ ಹೇಳುವುದನ್ನು ಮನೆಮಂದಿಯೆಲ್ಲ ಕೂತು ಕೇಳಿದ್ದೇವೆ. ಕಬಡ್ಡಿಗೂ ಆ ಭಾಗ್ಯ ಬಂತು. ಕುಸ್ತಿಗೂ ಬಾಕ್ಸಿಂಗಿಗೂ ಬರಲಿಲ್ಲ. ನಮಗೆ ಹತ್ತಿರದ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿಯೇ ದೇಶದ ಹುಡುಗ ಹುಡುಗಿಯರು ಬಾಕ್ಸಿಂಗು, ಕುಸ್ತಿ ಕಲಿಯುತ್ತಿದ್ದಾರೆ. ಅವರ ಪಂದ್ಯವನ್ನು ನಮ್ಮ ಮಾತಿನಲ್ಲಿ ಹೇಳುವವರು ಮಾತ್ರ ಇಲ್ಲ.

ಬಾಗಲಕೋಟೆ ಕಡೆಯ ಅರ್ಜುನ ಹಲಕುರ್ಕಿಯ ಕತೆ ನನ್ನನ್ನು ಬಹಳ ಕಾಡುತ್ತದೆ. 2020ರ ಫೆಬ್ರುವರಿಯಲ್ಲಿ ದಿಲ್ಲಿಯ ಏಷ್ಯನ್ ಚಾಂಪಿಯನ್‌ಷಿಪ್. ಗ್ರೀಕೊ ರೋಮನ್, 55 ಕೆ.ಜಿ. ಸೆಮಿಫೈನಲ್ಲಿನಲ್ಲಿ ಇರಾನಿನ ಮಲ್ಲನ ಎದುರು 7-1ರಿಂದ ಮುಂದಿದ್ದವನು 7-8ರಿಂದ ಸೋತ. ಆಮೇಲೆ ಎದ್ದು ನಿಂತು ಕಂಚು ಗೆದ್ದ. ನಮ್ಮ ಮಣ್ಣಿನ ಹುಡುಗ ಏಷ್ಯಾದ ಪದಕ ತಂದ ಎಂದು ಪತ್ರಿಕೆಗಳು ಬರೆದವು, ಹಾರ ಹಾಕಿದರು, ಅದೆಲ್ಲ ಆಗಬೇಕಾದದ್ದೇ. ಅದೇ ತಿಂಗಳು ಧಾರವಾಡದಲ್ಲಿ ಕರ್ನಾಟಕ ಕುಸ್ತಿ ಹಬ್ಬವೂ ನಡೆಯಿತು. ಆದರೆ ನಾನು ಓದಿದ, ಕೇಳಿದ ಯಾವ ಮಾತುಕತೆಯಲ್ಲಿಯೂ ಕೈಜಾರಿದ ಆ ಆರು ಅಂಕಗಳ ಮುನ್ನಡೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಮುಂದಿದ್ದಾಗ ಮನಸ್ಸಿನಲ್ಲಿ ಏನಿತ್ತು, ಹಿಡಿತ ಜಾರತೊಡಗಿದ್ದು ಮೈಗೆ ಯಾವಾಗ ಗೊತ್ತಾಯಿತು, ಅಂಥ ಸೋಲಿನ ಬಳಿಕ ಕಂಚಿನ ಕುಸ್ತಿಗೆ ಹೇಗೆ ಇಳಿದೆ? ಮಾಸ್ತರು ಇದ್ದಿದ್ದರೆ ಮೊದಲು ಕೇಳುತ್ತಿದ್ದುದು ಇದನ್ನೇ. ಈಗ ಮೊಬೈಲು ಹಿಡಿದು ಬರುವವರ ಕೈಯಲ್ಲಿ ಒಂದೇ ಪ್ರಶ್ನೆ ಇರುತ್ತದೆ: ಹೇಗೆ ಅನಿಸ್ತಿದೆ? ಅದಕ್ಕೆ ಹುಡುಗರು ಒಂದೇ ಉತ್ತರ ಕಲಿತಿದ್ದಾರೆ: ತುಂಬಾ ಖುಷಿಯಾಗ್ತಿದೆ, ಎಲ್ಲರಿಗೂ ಧನ್ಯವಾದ. ಸೋತವನ ಕಡೆ ಕ್ಯಾಮೆರಾ ತಿರುಗುವುದೇ ಇಲ್ಲ.

ಹೀಗೇಕಾಯಿತು ಎಂದು ಯೋಚಿಸಿದರೆ ನಿರೂಪಕರನ್ನಷ್ಟೇ ದೂರಲು ಮನಸ್ಸು ಬರುವುದಿಲ್ಲ. ಕುಸ್ತಿ ಹೇಳಬೇಕಾದರೆ ಒಮ್ಮೆಯಾದರೂ ಮಣ್ಣು ತಿಂದಿರಬೇಕು. ನಮ್ಮ ಊರುಗಳ ಗರಡಿಮನೆಗಳು ಎಷ್ಟು ಉಳಿದಿವೆ? ಒಂದು ಕಡೆ ಗೊಬ್ಬರದ ಚೀಲ ಒಟ್ಟಿದ್ದಾರೆ, ಇನ್ನೊಂದು ಕಡೆ ಕನ್ನಡಿ ಹಚ್ಚಿ ಜಿಮ್ ಮಾಡಿದ್ದಾರೆ. ಹರೆಯದ ಹುಡುಗರು ದುಡಿಯಲು ಬೆಂಗಳೂರು, ಮಂಗಳೂರು, ಗೋವಾ ಸೇರಿದ್ದಾರೆ. ಮ್ಯಾಟಿನ ಕುಸ್ತಿಯ ಲೆಕ್ಕವೂ ಬೇರೆ. ಮೂರು ನಿಮಿಷದ ಎರಡು ಸುತ್ತು, ಒಂದು ಅಂಕ, ಎರಡು ಅಂಕ, ನಾಲ್ಕು ಅಂಕ. ಯಾವುದಕ್ಕೆ ಎಷ್ಟು ಎಂದು ಹಳ್ಳಿಯ ಜನಕ್ಕೆ ತಿಳಿಯುವ ಹಾಗೆ ಹೇಳಬಲ್ಲವರು ಬೇಕು. ಮಣ್ಣೂ ಗೊತ್ತಿರುವ, ಮ್ಯಾಟೂ ಗೊತ್ತಿರುವ, ಮಾತೂ ಬರುವ ಮನುಷ್ಯ ತಾನಾಗಿ ಹುಟ್ಟುವುದಿಲ್ಲ. ಮಹಾರಾಷ್ಟ್ರದಲ್ಲಿ ಶಂಕರ ಪೂಜಾರಿಯವರಂಥವರು ಮರಾಠಿಯಲ್ಲಿ ಕುಸ್ತಿ ನಿವೇದನೆಯನ್ನೇ ಬದುಕಾಗಿ ಮಾಡಿಕೊಂಡರು. ಅಲ್ಲಿ ನಿವೇದಕನಿಗೆ ಒಂದು ಸ್ಥಾನವಿದೆ, ಕೈಗೆ ನಾಲ್ಕು ಕಾಸೂ ಇದೆ. ನಾವು ನಮ್ಮವರಿಗೆ ಕಾಯಿ, ಟಾವೆಲ್ಲು ಕೊಟ್ಟು ಕಳಿಸಿದೆವು. ಅವರ ಮಕ್ಕಳು ಆ ಕೆಲಸಕ್ಕೆ ಯಾಕೆ ಬರುತ್ತಾರೆ?

ಒಳ್ಳೆಯದೂ ಆಗಿದೆ. ಗದಗ ಸೀಮೆಯ ಹೆಣ್ಣುಮಕ್ಕಳು ಕಣಕ್ಕೆ ಇಳಿದಿದ್ದಾರೆ, ನಮ್ಮವ್ವನ ಕಾಲದಲ್ಲಿ ಇದನ್ನು ಕನಸಿನಲ್ಲೂ ಎಣಿಸುವ ಹಾಗಿರಲಿಲ್ಲ. ದುಬೈಯಲ್ಲಿ ದುಡಿಯುವ ನಮ್ಮೂರಿನ ಹುಡುಗ ಜಾತ್ರೆಯ ಕುಸ್ತಿಯನ್ನು ಅದೇ ಗಳಿಗೆಗೆ ಫೋನಿನಲ್ಲಿ ನೋಡುತ್ತಾನೆ. ಇಷ್ಟು ದೂರ ಚಿತ್ರ ಮುಟ್ಟುತ್ತಿರುವಾಗ ಅದರ ಜೊತೆಗೆ ಹೋಗುವ ಮಾತು ಇಷ್ಟು ಬಡವಾಯಿತಲ್ಲ ಎಂಬುದೇ ನನ್ನ ಸಂಕಟ. ಮಾಸ್ತರರ ದನಿಯನ್ನು ಧ್ವನಿವರ್ಧಕದ ಅಂಗಡಿಯವರು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಮುಂದಿನ ಮದುವೆ ಹಂಗಾಮಿನಲ್ಲಿ ಅವುಗಳ ಮೇಲೆಯೇ ಸಿನಿಮಾ ಹಾಡು ತುಂಬಿಕೊಂಡರು. ಹೊಸ ಕ್ಯಾಸೆಟ್ಟಿಗೆ ಆಗ ದುಡ್ಡು ಬೀಳುತ್ತಿತ್ತು, ಯಾರನ್ನು ಏನೆನ್ನುವುದು? ಒಂದು ಕ್ಯಾಸೆಟ್ಟಿನ ಹಾಡು ಮುಗಿದ ಮೇಲೆ ತುದಿಯಲ್ಲಿ ಸ್ವಲ್ಪ ಹೊತ್ತು ಹಲಗಿಯ ಸದ್ದು, ಅದರೊಳಗೆ ಅವರ “ಕಾಲ ನೋಡ್ರಿ” ಎಂಬ ದನಿ ಬರುತ್ತಿತ್ತು. ಟೇಪು ಸುತ್ತಿಕೊಂಡು ಅದೂ ಹೋಯಿತು.

ಈ ವರ್ಷ ಜಾತ್ರಾ ಕಮಿಟಿಯ ಹುಡುಗರ ಹತ್ತಿರ ಕೂತು ಮಾತಾಡಿದ್ದೇನೆ. ಇಡೀ ದಿನ ಬೇಡ, ಕೊನೆಯ ಮೂರು ಜೋಡಿಗಳಿಗಾದರೂ ಮೈಕನ್ನು ಕಣದ ಹತ್ತಿರ ತನ್ನಿ, ಡಿಜೆ ಬಂದ್ ಮಾಡಿ, ಹಲಗಿಯೊಂದೇ ಇರಲಿ, ಕುಸ್ತಿ ಬಲ್ಲವರೊಬ್ಬರನ್ನು ಕೂಡಿಸಿ, ಬಿದ್ದವನನ್ನೂ ಕರೆದು ಮಾತಾಡಿಸಿ, ಅದನ್ನೆಲ್ಲ ಫೋನಿನಲ್ಲಿ ಹಿಡಿದಿಡಿ ಎಂದೆ. ಕೂತು ಕೇಳಿದರು, ಒಪ್ಪಿದರು. ಪಕ್ಕದ ಊರಿನ ಹಳೆಯ ವಸ್ತಾದರೊಬ್ಬರನ್ನು ಕೇಳಲು ಅವರೇ ನನ್ನನ್ನು ಕರೆದುಕೊಂಡು ಹೋದರು. ಎಪ್ಪತ್ತು ದಾಟಿದವರು, ಹಲ್ಲು ಹೋಗಿವೆ, ದನಿ ಇನ್ನೂ ಗಟ್ಟಿ ಇದೆ. ನಾಚಿಕೊಂಡರು, ನನಗ ಭಾಷಣ ಬರೂದಿಲ್ಲ ಅಂದರು, ಚಹಾ ಕುಡಿಸಿದರು. ಕೊನೆಗೆ ಹೂಂ ಎಂದದ್ದು ಒಂದು ಕರಾರಿನ ಮೇಲೆ: “ನನ್ನ ಕೈಯಾಗ ಮೈಕ್ ಇರೂತನಕ ಒಬ್ರೂ ಚೀಟಿ ತರಬಾರದು ನೋಡ್ರಿ.”